ಬಾಯವ್ವನ ಸಾಕ್ಷಿ

“ಈಗ ನೋವು ಅದ ಏನು?” ಪರೀಕ್ಷಕ ತ್ರ್ಯಂಬಕರಾಯರು ಕೇಳಿದರು.

“ಇಲ್ರಿ ಸರ. ಕುತಗಿ ನೋವಿಲ್ಲ, ಸೊಂಟ ನೋವಿಲ್ಲ. ಈ ಬಾಯಾರು ಖುರ್ಚಿ ಮಾಡಿಸಿಕೊಟ್ಟಮ್ಯಾಲೆ ಹೂವಿನಂಗ ಅದೇನಿ,” ಎಂದಳು ಬಾಯವ್ವ, ರಾಟಿ ತಿರುಗಿಸುತ್ತಲೇ.

ರಾಯರು ಬರೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಪದ್ಮಜಾಳಿಗೆ ಕೊಂಚ ನಿರಾಳವಾಯಿತು. ದುಡಿಯುವವರ ಮೈಗೆ ತಕ್ಕಂತೆ ಕೆಲಸದ ಸಲಕರಣೆ ಹೊಂದಿಸುವುದು ಅವಳ ಕಸುಬು. ಎರ್ಗೊನಾಮಿಕ್ಸ್ ಎಂದರೆ ಅವಳ ಊರು ಬೈಲಹೊಂಗಲದಲ್ಲಿ ಯಾರಿಗೂ ತಿಳಿಯದು. ಓಣಿಯವರು ಅವಳನ್ನು ‘ಖುರ್ಚಿ ಡಾಕ್ಟರ್’ ಅನ್ನುತ್ತಿದ್ದರು. ಆ ಕಸುಬಿನ ತಜ್ಞರ ಸಂಘದಲ್ಲಿ ಹಿರಿಯ ಸದಸ್ಯತ್ವಕ್ಕೆ ಬೇಕಾದ ಹನ್ನೊಂದು ವರ್ಷದ ಅನುಭವ, ಇಬ್ಬರು ಹಿರಿಯರ ಶಿಫಾರಸು, ಸಂದರ್ಶನ, ಎಲ್ಲ ಮುಗಿದಿದ್ದವು. ಉಳಿದದ್ದು ಇದೊಂದೇ: ಪರೀಕ್ಷಕರು ಅವಳ ಒಂದು ಕೆಲಸವನ್ನು ಕಣ್ಣಾರೆ ನೋಡಿ, ಅದನ್ನು ಬಳಸುವವರ ಬಾಯಿಂದಲೇ ಕೇಳಬೇಕು. ಹಿರಿಯ ಸದಸ್ಯೆಯಾದರೆ ಅವಳ ವರದಿಗೆ ಅವಳದೇ ಸಹಿ ಸಾಕು. ಇಲ್ಲವಾದರೆ ಮತ್ತೆ ಯಾರದೋ ಹೆಸರಿನಡಿ ದುಡಿಯುವುದು. ಒಂದು ಸಲ ಅರ್ಜಿ ತಿರಸ್ಕಾರವಾಗಿತ್ತು. ಇದು ಎರಡನೆಯದು.

ಅದಕ್ಕೇ ಅವಳು ಸುರೇಬಾನದ ಈ ನೇಕಾರರ ಶೆಡ್ಡನ್ನು ಆರಿಸಿಕೊಂಡಿದ್ದಳು. ಇಲ್ಲಿ ಹನ್ನೆರಡು ಹೆಂಗಸರು ನೆಲದ ಮೇಲೆ ಕುಳಿತು, ಬೆನ್ನು ಬಗ್ಗಿಸಿ, ದಿನವಿಡೀ ಮಗ್ಗದ ಲಾಳಿಗೆ ಹಾಕುವ ನೂಲಿನ ಸಣ್ಣ ಉರುಳೆ, ಕಂಡಿಕೆ, ಸುತ್ತುತ್ತಿದ್ದರು. ಪದ್ಮಜಾ ಪ್ರತಿಯೊಬ್ಬರ ಭುಜ, ಮೊಳಕೈ, ಸೊಂಟ ಅಳೆದು, ರಾಟಿಯನ್ನೂ ನೂಲಿನ ಲಡಿ ಹಾಕುವ ತಿರುಗಣಿಯನ್ನೂ ಎತ್ತರದ ಕಟ್ಟಿಗೆಯ ಚೌಕಟ್ಟಿಗೆ ಏರಿಸಿ, ಬೆನ್ನಿಗೆ ಆಸರೆಯಿರುವ ಖುರ್ಚಿ ಮಾಡಿಸಿಕೊಟ್ಟಿದ್ದಳು. ಎಲ್ಲರ ನೋವೂ ಇಳಿದಿದೆ ಎಂದು ವರದಿಯಲ್ಲಿ ಬರೆದಿದ್ದಳು.

ಫ್ಯಾನಿನ ಗಾಳಿಗೆ ಮೂಲೆಯ ಗೋಣಿಚೀಲಗಳಲ್ಲೊಂದು ಮೇಲಕ್ಕೆದ್ದು ಬಿತ್ತು. ಅದರಡಿ ಹಳೆಯ ರಾಟಿಯೊಂದು ತಿರುಗಣಿಯ ಸಮೇತ ನೆಲದ ಮೇಲೇ ಇತ್ತು. ಅದರ ಮೊನೆಯಲ್ಲಿ ಅರ್ಧ ಸುತ್ತಿದ ಕಂಡಿಕೆ. ನೂಲು ಅರಿಶಿನ ಬಣ್ಣದ್ದು, ಈಗ ಬಾಯವ್ವನ ಕೈಯಲ್ಲಿ ಓಡುತ್ತಿರುವಂಥದ್ದೇ.

ಪದ್ಮಜಾ ಆ ಕಂಡಿಕೆಯಿಂದ ಕಣ್ಣು ಕಿತ್ತಳು. ಖುರ್ಚಿಗಳನ್ನು ಮತ್ತೆ ನೋಡಿದಳು. ವರ್ಷವಾದರೂ ಬಣ್ಣ ಸವೆದಿಲ್ಲ. ತಾನು ಬರುವ ಮುನ್ನ ಪ್ರತಿ ಸಲ ಫೋನ್ ಮಾಡಿ ಹೇಳಿಯೇ ಬರುತ್ತಿದ್ದದ್ದು ಆಗ ನೆನಪಾಯಿತು.

ರಾಯರು ಆ ಮೂಲೆಗೆ ಬೆನ್ನು ಹಾಕಿ ಕುಳಿತಿದ್ದರು. “ಭಾಳ ಛೊಲೊ ಆತು,” ಎನ್ನುತ್ತ ಕೊನೆಯ ಹಾಳೆ ತಿರುವಿದರು. ಇನ್ನು ಒಂದು ಸಹಿ. ಬಾಯವ್ವ ಪದ್ಮಜಾಳ ಕಡೆ ನೋಡಿ, ಸುಮ್ಮನಿರು ಎಂಬಂತೆ ಕಣ್ಣು ಮಿಟುಕಿಸಿದಳು. ಸುಮ್ಮನಿದ್ದರೆ ಆಯಿತು. ಯಾರಿಗೂ ಕೇಡಿಲ್ಲ.

“ಬಾಯವ್ವ,” ಎಂದಳು ಪದ್ಮಜಾ. “ಈ ಖುರ್ಚಿ ಮ್ಯಾಲೆ ಖರೇನ ದಿನಾ ಕೂಡತೀರೇನು?”

ರಾಟಿ ನಿಂತಿತು.

“ಯಾಕ ಕೇಳತೀರಿ ಬಾಯಾರ?” ಬಾಯವ್ವನ ಮುಖ ಕೆಂಪಾಯಿತು. “ನಿಮ್ಮ ಸಲುವಾಗಿ ಹೇಳಿದ್ನಲ್ಲ! ನಮ್ಮ ಮಂದಿಗೆ ಇಷ್ಟು ಕಳಕಳಿ ಯಾರು ಮಾಡ್ಯಾರ? ನಿಮ್ಮ ಪರೀಕ್ಷಾ ಕೆಡಬಾರದಂತ ಎಲ್ಲಾರೂ ಮಾತಾಡಿಕೊಂಡಿದ್ವಿ.”

“ಹೇಳ್ರಿ. ಯಾಕ ಬಿಟ್ರಿ?”

ಬಾಯವ್ವ ತಲೆ ತಗ್ಗಿಸಿದಳು. “ನೂಲು ಹರೀತದರಿ. ಹರದಾಗ ತಿರುಗಣಿ ನಿಲ್ಲಂಗಿಲ್ಲ, ತಿರುಗಕೋತ ನೂಲೆಲ್ಲಾ ಸಿಕ್ಕ ಮಾಡತದ. ಕೆಳಗ ಕುಂತ್ರ ಕಾಲಬೆರಳಲೆ ಒತ್ತಿ ನಿಲ್ಲಸತೇವಿ. ಮ್ಯಾಲೆ ಕುಂತ್ರ ಕಾಲು ಮುಟ್ಟಂಗಿಲ್ಲ. ದಿನಕ್ಕ ಐವತ್ತು ಸಲ ಎದ್ದು ಸಿಕ್ಕ ಬಿಡಿಸಬೇಕು. ಸೊಂಟದ ನೋವು ಹೋತು, ಮೊಣಕಾಲಿಗೆ ಬಂತು. ಎರಡ ತಿಂಗಳಾದ ಮ್ಯಾಲೆ ಎಲ್ಲಾರೂ ಕೆಳಗಿಳದ್ವಿ.”

ಕಾಲು! ಪದ್ಮಜಾ ಬಿಡಿಸಿದ ಚಿತ್ರಗಳಲ್ಲಿ ಕೈಗಳೆರಡೂ ದುಡಿಯುತ್ತಿದ್ದವು. ಕಾಲಿಗೆ ಒಂದು ಹಲಗೆ ಕೊಟ್ಟು ಸುಮ್ಮನೆ ಕೂಡಿಸಿದ್ದಳು.

“ವರದಿಯೊಳಗ ಹನ್ನೆರಡೂ ಮಂದಿ ದಿನಾ ಬಳಸತಾರ ಅಂತ ಅದ,” ರಾಯರು ನಿಧಾನವಾಗಿ ಹೇಳಿದರು.

“ನಾ ಬಂದಾಗೆಲ್ಲ ಬಳಸತಿದ್ರು ಸರ. ನಾ ಬಂದಾಗಷ್ಟ.”

ರಾಯರು ಬರೆದದ್ದನ್ನು ಹೊಡೆದುಹಾಕಿದರು. ಕಡತ ಕಟ್ಟುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. “ಈ ಸಲ ಆಗೂದಿಲ್ಲ, ಪದ್ಮಜಾ. ನೀವೇ ಬಾಯಿಬಿಟ್ಟು ಕೇಳಿದ್ರಿ ಅನ್ನೂದನ್ನ ಬರೀತೇನಿ. ಅದಕ್ಕ ಅಂಕ ಕೊಡಲಿಕ್ಕೆ ಫಾರ್ಮಿನೊಳಗ ಜಾಗಾ ಇಲ್ಲ.”

ಅವರ ಕಾರು ರಾಮದುರ್ಗದ ರಸ್ತೆ ಹಿಡಿಯಿತು. ಬಾಯವ್ವ ಗೋಣಿಚೀಲ ಸರಿಸಿ, ಹಳೆಯ ರಾಟಿಯ ಮುಂದೆ ನೆಲಕ್ಕೆ ಕುಳಿತಳು. ಪದ್ಮಜಾ ಹೊರಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ಬಂದು, ಸೀರೆ ಸರಿಮಾಡಿಕೊಂಡು ಅವಳ ಪಕ್ಕದಲ್ಲಿ ಕುಳಿತಳು.

“ಸರೀರಿ ಸ್ವಲ್ಪ. ನಾ ಸುತ್ತತೇನಿ.”

ನಾಲ್ಕು ಸುತ್ತು ಬರುವಷ್ಟರಲ್ಲಿ ನೂಲು ಹರಿಯಿತು. ತಿರುಗಣಿ ತನ್ನ ಪಾಡಿಗೆ ತಿರುಗಿತು. ಅವಳ ಎರಡೂ ಕೈ ಗಾಳಿಯಲ್ಲಿ ತಡಕಾಡಿದವು. ಬಾಯವ್ವ ಬಗ್ಗಿ ಅವಳ ಪಾದ ಹಿಡಿದಳು. ತಾಯಿಯ ವಯಸ್ಸಿನವಳು ಪಾದ ಮುಟ್ಟಿದ್ದಕ್ಕೆ ಪದ್ಮಜಾ ಗಾಬರಿಯಾಗಿ ಕಾಲೆಳೆದುಕೊಳ್ಳಲು ನೋಡಿದಳು.

“ಕಾಲಿಗೆ ಬೀಳಾಕತ್ತಿಲ್ಲ ತಂಗಿ,” ಎಂದಳು ಬಾಯವ್ವ, ಹಿಡಿತ ಬಿಡದೆ. “ಎಲ್ಲಿಡಬೇಕು ಅನ್ನೂದು ತೋರಸಾಕತ್ತೇನಿ.”