ನಂಬರ್ ಇಲ್ಲದ ಹಾಡು

ಎರಡು ನಿಮಿಷ ಪುರುಸೊತ್ತು ಇದ್ದರೆ ಮಾತ್ರ ಓದಿ... ಇಲ್ಲದಿದ್ದರೆ ಗುಡ್ ಮಾರ್ನಿಂಗ್ ಹೂವಿನ ಫೋಟೋಗಳು ಬೇಕಾದಷ್ಟು ಬಂದಿರುತ್ತವೆ, ಅವನ್ನೇ ನೋಡಿ.

ಬೆಟಗೇರಿಯಲ್ಲಿ ಒಂದು ಹಳೆಯ ಚರ್ಚ್. ಗೋಡೆಯ ಮೇಲೆ ಒಂದು ಕಪ್ಪು ಹಲಗೆ. ಆ ಭಾನುವಾರ ಹಾಡುವ ಕೀರ್ತನೆಗಳ ನಂಬರ್ ಅದರ ಮೇಲೆ ಇರುತ್ತದೆ.

ಜನ ಹಲಗೆ ನೋಡುತ್ತಾರೆ, ಪುಸ್ತಕದಲ್ಲಿ ಆ ನಂಬರ್ ಹುಡುಕುತ್ತಾರೆ, ಎದ್ದು ನಿಂತು ಹಾಡುತ್ತಾರೆ.

ನಂಬರ್ ಹಾಕುವವರು ಚರ್ಚಿನ ಹಾಡುವ ತಂಡದ, ಅಂದರೆ ಕ್ವಾಯರ್‌ನ, ಮಾಸ್ತರು ಸತ್ಯಮಿತ್ರ. ಹಲಗೆಯ ಮೇಲೆ ಇಲ್ಲದ ಹಾಡು ಅವರ ಪಾಲಿಗೆ ಹಾಡೇ ಅಲ್ಲ...

ಆ ಕ್ವಾಯರ್‌ಗೆ ಬಿಳಿ ಗೌನ್ ಹೊಲಿಯುವವಳು ಮಾರ್ತವ್ವ. ಪ್ರತಿ ಗೌನಿನ ಕಾಲರ್ ಒಳಗೆ, ಹಾಕಿಕೊಳ್ಳುವವರ ಹೆಸರನ್ನು ನೇರಳೆ ದಾರದಲ್ಲಿ ಬರೆಯುವುದು ಅವಳ ರೂಢಿ.

ಗಂಡ ತೀರಿಕೊಂಡ ವರ್ಷ ಅವಳು ತಾನೇ ಒಂದು ಹಾಡು ಕಟ್ಟಿದ್ದಳು. ಒಂದೇ ಒಂದು ಸಲ ಅದನ್ನು ಚರ್ಚಿನಲ್ಲಿ ಹಾಡಬೇಕು... ಅಷ್ಟೇ ಅವಳ ಆಸೆ.

ಸುಗ್ಗಿ ಹಬ್ಬದ ಆರಾಧನೆ ಬಂತು. ಎಲ್ಲರೂ ಜೋಳ, ಕುಂಬಳಕಾಯಿ, ಕೋಳಿ ತಂದು ದೇವರ ಮುಂದೆ ಇಟ್ಟರು. ಮಾರ್ತವ್ವ ಬರಿಗೈಯಲ್ಲಿ ಎದ್ದು ಬಂದು, ನನ್ನ ಕಾಣಿಕೆ ಒಂದು ಹಾಡು ಎಂದಳು.

ಮಾಸ್ತರು ತುಂಬಿದ ಸಭೆಯ ಎದುರು ಕೇಳಿದರು: "ನಂಬರ್ ಎಷ್ಟವಾ?"

"ನಂಬರ್ ಇಲ್ರೀ ಮಾಸ್ತರ. ನಾನ ಕಟ್ಟೀನಿ."

"ನಂಬರ್ ಇಲ್ಲದ ಹಾಡು ಮ್ಯಾಲಿನಾವ್ಗ ಹೆಂಗ ಗೊತ್ತಾಗಬೇಕು? ನೀ ಗೌನ್ ಹೊಲಿ. ಹಾಡಾಕ ನಾವ ಅದೀವಿ."

ಸಭೆ ನಕ್ಕಿತು. ಅವಳು ಹೊಲಿದ ಗೌನ್ ಹಾಕಿಕೊಂಡೇ ಕ್ವಾಯರ್ ನಕ್ಕಿತು.

ಕಾಣಿಕೆಗೆ ಬಂದ ಕೋಳಿ ಅಲ್ಲೇ ಕೂಗುತ್ತಿತ್ತು. ಅದನ್ನು ಯಾರೂ ಬೇಡ ಅನ್ನಲಿಲ್ಲ... ಇವಳನ್ನು ಮಾತ್ರ ಬಾಯಿ ತೆರೆಯುವ ಮೊದಲೇ ಕೂರಿಸಿದರು.

ಆಮೇಲೆ ಮಾರ್ತವ್ವ ಚರ್ಚಿಗೆ ಬರಲಿಲ್ಲ. ಹಾಡುವುದನ್ನೂ ಬಿಟ್ಟಳು. ಯಾಕೆ ಬರುತ್ತಿಲ್ಲ ಎಂದು ಯಾರೂ ಕೇಳಲಿಲ್ಲ, ಗೌನ್ ಹೊಲಿಯಲು ಬೇರೆಯವರು ಸಿಕ್ಕಿದ್ದರು.

ಕಾಲ ಯಾರನ್ನೂ ಬಿಡುವುದಿಲ್ಲ ನೋಡಿ...

ಮಾಸ್ತರ ಒಬ್ಬಳೇ ಮಗಳು ಕೃಪಾ. ರಕ್ತದ ಕ್ಯಾನ್ಸರ್. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಗಾಜಿನ ಬಾಗಿಲಿನ ಕೋಣೆಯಲ್ಲಿ ಮಲಗಿದ್ದಳು. ಡಾಕ್ಟರ್ ಕೈ ಚೆಲ್ಲಿದ್ದರು.

ಅಪ್ಪ ತಮ್ಮ ಕ್ವಾಯರ್‌ನ ರೆಕಾರ್ಡಿಂಗ್‌ಗಳನ್ನೆಲ್ಲ ಮೊಬೈಲ್‌ಗೆ ಹಾಕಿಕೊಟ್ಟರು. ಅವಳು ಅವನ್ನು ಕೇಳಲಿಲ್ಲ.

ಅವಳು ಮೊಬೈಲ್‌ನಲ್ಲಿ ಹುಡುಕುತ್ತಿದ್ದದ್ದು ಬೇರೆ. ಸಿಡಿ ಇಲ್ಲದ, ಟಿವಿಗೆ ಬಾರದ, ಯಾವ ಕ್ರೈಸ್ತ ಸಮಾವೇಶದ ಸ್ಟೇಜೂ ಹತ್ತದ ಹಾಡುಗಾರರು. ಆಟೋದೊಳಗೆ ಕೂತು ಗಿಟಾರ್ ನುಡಿಸುವ ಒಬ್ಬ, ರೊಟ್ಟಿ ತಟ್ಟುತ್ತ ಯೇಸುವಿನ ಮೇಲೆ ಪದ ಕಟ್ಟುವ ಒಬ್ಬಳು... ಇಂಥವರನ್ನು ಇಯರ್‌ಫೋನ್ ಹಾಕಿಕೊಂಡು ದಿನವಿಡೀ ಕೇಳುತ್ತಿದ್ದಳು.

ಸ್ಟುಡಿಯೋ ಇಲ್ಲ, ಶ್ರುತಿ ಇಲ್ಲ, ಇದೆಲ್ಲ ಏನು ಎಂದು ಮಾಸ್ತರು ಗೊಣಗುತ್ತಿದ್ದರು. ಮಗಳು ಒಂದು ಇಯರ್‌ಫೋನ್ ಚಾಚಿದರೆ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದರು.

ಅದರಲ್ಲಿ ಒಂದು ವಿಡಿಯೋ ಎಂದರೆ ಅವಳಿಗೆ ಪ್ರಾಣ. ಹೊಲಿಗೆ ಮಷಿನ್ನಿನ ಸದ್ದೇ ತಾಳ. ಹಾಡುವವಳ ಮುಖ ಕಾಣುವುದಿಲ್ಲ, ಹೆಸರಿಲ್ಲ. ನೋವು ಹೆಚ್ಚಾದಾಗಲೆಲ್ಲ ಅದನ್ನೇ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದಳು.

"ಅಪ್ಪಾ, ಇಕಿನ್ನ ಹುಡುಕಿ ಕರಕೊಂಡು ಬರ್ತೀಯೇನ? ಒಮ್ಮೆ ಎದುರಿಗೆ ಕೇಳಬೇಕು ನಾ. ಮತ್ತೇನೂ ಬ್ಯಾಡ."

ಮಾಸ್ತರು ಮೊದಲ ಸಲ ಆ ಸ್ಕ್ರೀನ್ ನೋಡಿದರು. ಹಾಡು ಮಗಳ ಇಯರ್‌ಫೋನಿನಲ್ಲೇ ಇತ್ತು. ಎರಡು ಕೈ, ಒಂದು ಬಿಳಿ ಬಟ್ಟೆ... ಸೂಜಿಯ ಕೆಳಗೆ ಕಾಲರ್ ಮಗುಚಿತು. ಒಳಗೆ ನೇರಳೆ ದಾರದಲ್ಲಿ ಒಂದು ಹೆಸರು.

ಸತ್ಯಮಿತ್ರ.

ಆ ಸುಗ್ಗಿ ಹಬ್ಬಕ್ಕೆ ಮಾರ್ತವ್ವ ಅವರ ಗೌನ್ ಹೊಲಿಯುತ್ತಲೇ ಹಾಡು ಪ್ರಾಕ್ಟೀಸ್ ಮಾಡಿದ್ದಳು. ಅವಳ ಅಕ್ಕನ ಮಗಳು ಅದನ್ನು ಸುಮ್ಮನೆ ಫೋನಿನಲ್ಲಿ ಹಿಡಿದು ನೆಟ್ಟಿಗೆ ಹಾಕಿಬಿಟ್ಟಿದ್ದಳು.

ಮಾಸ್ತರು ಮಾರ್ತವ್ವನ ಮನೆ ಬಾಗಿಲಿಗೆ ಹೋದರು. ಕೈ ಮುಗಿದರು. ಅವಳು ಬೈಯಲಿಲ್ಲ, ಹಂಗಿಸಲಿಲ್ಲ. ಸೆರಗು ಹೊದ್ದು ಅವರ ಜೊತೆಗೇ ಬಸ್ ಹತ್ತಿದಳು.

ಕೃಪಾಳ ಮಂಚದ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಬಾಯಿ ತೆರೆದಳು... ದನಿ ಬರಲಿಲ್ಲ.

ನೀರು ಕುಡಿದು ಮತ್ತೆ ಪ್ರಯತ್ನಿಸಿದಳು. ಎದುರಿಗೆ ಮಾಸ್ತರು ನಿಂತಿದ್ದರು. ಅವರ ಮುಖ ಕಂಡ ಕೂಡಲೇ ತಲೆ ತಗ್ಗಿಸಿ ಸೆರಗು ಬಾಯಿಗೆ ಒತ್ತಿಕೊಂಡಳು. ಇಡೀ ಸಭೆಯ ನಗು ಅವಳ ಕಿವಿಯಲ್ಲಿ ಹಾಗೇ ಉಳಿದಿತ್ತು.

ಕೃಪಾ ಇಬ್ಬರನ್ನೂ ನೋಡಿದಳು. ಆ ಚರ್ಚಿನಲ್ಲೇ ಬೆಳೆದ ಮಗಳು, ಅವಳಿಗೆ ಎಲ್ಲ ಅರ್ಥವಾಯಿತು.

"ಅಪ್ಪಾ... ನೀ ಹೊರಗ ಹೋಗು."

ಮಾಸ್ತರು ಹೊರಗೆ ಬಂದರು. ಬಾಗಿಲು ಮುಚ್ಚಿಕೊಂಡಿತು.

ಗಾಜಿನ ಆಚೆ ಮಾರ್ತವ್ವನ ತುಟಿ ಅಲ್ಲಾಡತೊಡಗಿತು. ಮಗಳ ಮುಖ ಅರಳಿತು. ನೋವು ಶುರುವಾದಾಗಿನಿಂದ ಆ ಮುಖದಲ್ಲಿ ಅಂಥ ನಗು ಅವರು ಕಂಡಿರಲಿಲ್ಲ.

ಗಾಜಿಗೆ ಕಿವಿ ಒತ್ತಿ ನಿಂತರು. ಅಳುತ್ತ ನಿಂತರು. ಒಂದು ಸಾಲೂ ಕೇಳಿಸಲಿಲ್ಲ.

ಮರುದಿನ ಕೃಪಾ ಹೊರಟುಹೋದಳು.

ಅವಳನ್ನು ಮಣ್ಣು ಮಾಡುವ ದಿನ ಚರ್ಚಿನ ಕಪ್ಪು ಹಲಗೆಯಲ್ಲಿ ಒಂದೂ ನಂಬರ್ ಇರಲಿಲ್ಲ. ಮಾಸ್ತರೇ ತೆಗೆದಿದ್ದರು. ಎಲ್ಲರ ಎದುರು ಕಡೆಯ ಬೆಂಚಿನವರೆಗೆ ನಡೆದು ಹೋಗಿ, ಆ ಹಾಡು ಹಾಡು ತಾಯೀ ಎಂದು ಕೃಪಾಳಿಗಾಗಿ ಬಂದು ಕೂತಿದ್ದ ಮಾರ್ತವ್ವನನ್ನು ಬೇಡಿಕೊಂಡರು.

ಅವಳು ಎದ್ದು ನಿಂತಳು. ಮೆಲ್ಲಗೆ ಹೇಳಿದಳು.

"ಕೇಳಬೇಕಾದಾಕಿ ಕೇಳಿ ಹೋದ್ಲ್ರೀ ಮಾಸ್ತರ."

ಅಷ್ಟು ಹೇಳಿ ಕೂತಳು. ಆ ದಿನ ಆ ಚರ್ಚಿನಲ್ಲಿ ಯಾರೂ ಹಾಡಲಿಲ್ಲ.

ಮಗಳ ಫೋನ್ ಈಗಲೂ ಮಾಸ್ತರ ಜೇಬಿನಲ್ಲಿದೆ. ಆ ವಿಡಿಯೋ ಅದರಲ್ಲಿದೆ... ಪ್ಲೇ ಒತ್ತುವ ಧೈರ್ಯ ಅವರಿಗೆ ಇನ್ನೂ ಬಂದಿಲ್ಲ.

*ದೇವರಿಗೆ ಏನು ಕೇಳಿಸಬೇಕು ಎಂದು ತೀರ್ಮಾನಿಸಲು ಹೊರಟವರ ಕಿವಿಯೇ ಮೊದಲು ಮುಚ್ಚಿಹೋಗುತ್ತದೆ.*

ಬಾಯಿ ತೆರೆಯುವ ಮೊದಲೇ ನೀವು ಕೂರಿಸಿದ್ದು ಯಾರನ್ನು? ಅವರು ಇವತ್ತು ಎದ್ದು ಹಾಡಿದರೆ... ನೀವು ಗಾಜಿನ ಯಾವ ಕಡೆ ಇರುತ್ತೀರಿ?