ಕೈಯಿಂದ ಕೈಗೆ

೧೯೩೪ರಲ್ಲಿ ಓಟಗಾರರ ತಂಡವೊಂದು ಹಡಗು ಹತ್ತಿ ಮೂರು ದೇಶಗಳಲ್ಲಿ ನಡೆಯುವ ಪಂದ್ಯಗಳಿಗೆ ಹೋಯಿತು. ಬದಲಿ ಓಟಗಾರ ಜವರನ ಊರಿನ ಪಟೇಲರ ಮಗನೇ ತಂಡದ ನಾಯಕ. ಎಲ್ಲರಿಗೂ ಕೈಗೆ ರೊಟ್ಟಿ ಕೊಡುತ್ತಿದ್ದವನು ಜವರನದನ್ನು ಮಾತ್ರ ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದ.

"ನಂಗೂ ಕೈಗೇ ಕೊಡಿ ಬುದ್ದಿ," ಎಂದು ಜವರ ಒಮ್ಮೆ ಕೇಳಿಯೇಬಿಟ್ಟ.

"ಸಮುದ್ರ ದಾಟಿದ್ರೆ ನಿನ್ನ ಜಾತಿ ತೊಳ್ದೋಯ್ತೇನೋ? ಬಗ್ಗಿ ತಗೋ."

ಜವರ ಬಗ್ಗಿ ತೆಗೆದುಕೊಂಡ.

ಕೊನೆಯ ದೇಶದಲ್ಲಿ, ನಾಲ್ವರು ಕೈಯಿಂದ ಕೈಗೆ ಕೋಲು ದಾಟಿಸುತ್ತ ಓಡುವ ಪಂದ್ಯದ ದಿನ, ಮೂರನೆಯವನ ಕಾಲು ಉಳುಕಿತು. ಆ ಜಾಗಕ್ಕೆ ಜವರ ಬಂದ. ಜವರನಿಂದ ಕೋಲು ಪಡೆದು ಕೊನೆಯ ಸುತ್ತು ಓಡಬೇಕಾದವನು ಪಟೇಲರ ಮಗ.

"ಪದಕ ತಪ್ಪಿತೋ, ಊರಲ್ಲಿ ನಿನ್ನ ಗುಡಿಸ್ಲು ಇರಲ್ಲ," ಎಂದ ಅವನು.

ಜವರ ಒಂದೇ ಉಸಿರಿಗೆ ಓಡಿದ. ಉಳಿದವರನ್ನೆಲ್ಲ ಹತ್ತು ಮಾರು ಹಿಂದೆ ಹಾಕಿ ಬಂದ. ಪಟೇಲರ ಮಗ ಅಂಗೈ ಚಾಚಿ ಅರಚಿದ: "ಕೊಡೋ! ಕೈಗೆ ಕೊಡೋ!"

ಜವರ ನಿಂತ. ಕೋಲನ್ನು ಅವನ ಕಾಲ ಬಳಿ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಬಗ್ಗಿ ತಗಳ್ಳಿ, ಬುದ್ದಿ."