ವಿಶ್ರಾಂತಿಯ ಗುಂಪು

“ಅಷ್ಟು ಜ್ವಾಪಾನ ಮಾಡಿದ್ರೂ ಈ ಮಂಡಿ ಯಾಕೆ ವಾಸಿ ಆಗ್ಲಿಲ್ಲವೋ?” ದ್ಯಾಮಮ್ಮ ಯಾರ ಮುಖವನ್ನೂ ನೋಡದೆ, ಮಗ್ಗದ ಮೇಲಿನ ರೇಷ್ಮೆ ಎಳೆಗಳನ್ನೇ ನೋಡುತ್ತ ಕೇಳಿದಳು. ಮಗಳು ಪುಷ್ಪಾ ಗೋಡೆಗೊರಗಿ, ಮಡಿಸಲಾಗದ ಬಲಗಾಲನ್ನು ಚಾಚಿಕೊಂಡು ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

ಉತ್ತರ ಹೇಳಬೇಕಾದವಳು ಎದುರಿಗೇ ಕೂತಿದ್ದಳು, ಕ್ರೀಡಾ ವೈದ್ಯೆ ಹರಿಪ್ರಿಯಾ. ಖೊಖೊ ಹುಡುಗಿಯರ ಮಂಡಿನೋವಿನ ಮೇಲೆ ಅವಳು ಬರೆದ ಪ್ರಬಂಧವನ್ನು ಈಗ ಯಾವ ಯಾವ ದೇಶದವರೋ ಉಲ್ಲೇಖಿಸುತ್ತಿದ್ದರು. ಅವಳ ಉಳಿದ ಬರಹವನ್ನೆಲ್ಲ ತಕ್ಕಡಿಗೆ ಹಾಕಿದರೂ ಅದೊಂದೇ ಹೆಚ್ಚು ತೂಗುತ್ತಿತ್ತು. ಅದಕ್ಕಾಗಿ ಮಂಡಿ ನೊಂದ ಹುಡುಗಿಯರ ಎರಡು ಗುಂಪುಗಳನ್ನು ಹೋಲಿಸಿದ್ದಳು. ಚಳ್ಳಕೆರೆ ಹಾಸ್ಟೆಲ್ಲಿನ ಹುಡುಗಿಯರಿಗೆ ಮೊದಲ ವಾರದಿಂದಲೇ ವ್ಯಾಯಾಮ. ಮೊಳಕಾಲ್ಮೂರಿನ ತಂಡಕ್ಕೆ ಬರೀ ವಿಶ್ರಾಂತಿ. ವ್ಯಾಯಾಮ ಮಾಡಿದವರು ಎದ್ದು ಓಡಿದರು, ವಿಶ್ರಾಂತಿ ಪಡೆದವರು ಕುಂಟಿದರು. ಆ ಫಲವನ್ನೇ ನಂಬಿ ತರಬೇತುದಾರರ ಕೈಪಿಡಿಯೊಂದು ಸಿದ್ಧವಾಗಿತ್ತು: ಮಂಡಿ ನೊಂದ ಹುಡುಗಿಯನ್ನು ಕೂರಿಸಬೇಡಿ, ಓಡಿಸಿ. ನಾಳೆ ಬೆಳಿಗ್ಗೆ ಅಚ್ಚಿಗೆ. ಅಂದಿನ ಮೊಳಕಾಲ್ಮೂರು ತಂಡದ ನಾಯಕಿ ಪುಷ್ಪಾಗೆ ಈ ಸುದ್ದಿ ಮುಟ್ಟಿಸಿ ಹೋಗೋಣವೆಂದು ಅವಳು ಬಂದಿದ್ದಳು.

“ನೀವು ಹೇಳ್ದಂಗೇ ನಡ್ಕೊಂಡ್ವಿ ಮೇಡಂ,” ದ್ಯಾಮಮ್ಮ ಲಾಳಿ ಎಸೆಯುತ್ತ ಅಂದಳು. “ಮೈದಾನದ ಕಡೆ ತಲೆ ಹಾಕಿ ಮಲಗೋಕೂ ಬಿಡ್ಲಿಲ್ಲ. ಬೆಳಕು ಹರಿದ್ರೆ ಮಗ್ಗಕ್ಕೆ ಕೂರಿಸ್ತಿದ್ದೆ, ಕತ್ತಲಾದ್ರೆ ಎಬ್ಬಿಸ್ತಿದ್ದೆ. ತಂಡದ ಹುಡುಗೀರೆಲ್ಲ ಅಂಗೇ. ನೇಕಾರರ ಮನೇಲಿ ಕೂತ್ಕೋ ಅಂದ್ರೆ ಇನ್ನೆಲ್ಲಿ ಕೂತ್ಕೊಂತಾರೆ?”

ಹರಿಪ್ರಿಯಾಳ ಕಣ್ಣು ಮಗ್ಗದ ಕೆಳಗಿನ ಗುಂಡಿಗೆ ಇಳಿಯಿತು. ಅಲ್ಲಿ ದ್ಯಾಮಮ್ಮನ ಕಾಲುಗಳು ಹಲಗೆ ತುಳಿಯುತ್ತಿದ್ದವು. ಒತ್ತು, ಬಿಡು, ಒತ್ತು, ಬಿಡು. ಪ್ರತಿ ಒತ್ತಿಗೂ ಮಂಡಿ ಮಡಚಿಕೊಳ್ಳುತ್ತಿತ್ತು, ಬಿಗಿಯುತ್ತಿತ್ತು. ಚಳ್ಳಕೆರೆಯ ಎಣ್ಣೆ ಗಿರಣಿಗಳ ಬೀದಿಯಲ್ಲಿ ಬೆಳೆದ ಹರಿಪ್ರಿಯಾ ಈ ಗುಂಡಿಯೊಳಗೆ ಎಂದೂ ಇಣುಕಿರಲಿಲ್ಲ. ಮೈದಾನಕ್ಕೆ ಇಳಿದಿರಾ ಎಂದಷ್ಟೇ ಕೇಳಿದ್ದಳು. ಇಲ್ಲ ಎಂದು ಅವರು ಹೇಳಿದ್ದು ಸತ್ಯವೇ ಆಗಿತ್ತು. ಆದರೆ ಅವಳು ವಿಶ್ರಾಂತಿ ಎಂದು ಬರೆದುಕೊಂಡದ್ದು ದಿನವಿಡೀ ನೊಂದ ಮಂಡಿಯಿಂದ ಮಗ್ಗ ತುಳಿದದ್ದಾಗಿತ್ತು.

ನೂಲು ಸುತ್ತುತ್ತಿದ್ದ ಕೈ ನಿಂತಿತು. ಪುಷ್ಪಾ ಹರಿಪ್ರಿಯಾಳ ಮುಖ ಓದಿದ್ದಳು. “ಅವ್ವಾ, ಮೇಡಂಗೆ ಟೀ ಇಡು ಹೋಗು.”

ದ್ಯಾಮಮ್ಮ ಒಳಗೆ ಹೋದದ್ದೇ ತಡ, ಹರಿಪ್ರಿಯಾ ಕೈಪಿಡಿಯ ಸಂಪಾದಕ ಶಿವರಾಮನಿಗೆ ಫೋನು ಹಚ್ಚಿದಳು. ಉಸಿರು ಬಿಡದೆ ಎಲ್ಲ ಹೇಳಿದಳು.

“ಹೆಸರು ತಂದ ಪ್ರಬಂಧಕ್ಕೆ ನೀವೇ ಕಲ್ಲು ಹೊಡೀತೀರಲ್ಲಮ್ಮ!” ಆತ ಸಿಡುಕಿದ. “ನಿಮ್ಮ ಅನುಮಾನಕ್ಕೆಲ್ಲ ಅಚ್ಚು ನಿಲ್ಲಲ್ಲ. ಆ ಹುಡುಗಿ ಬಾಯಾರೆ ಹೇಳ್ಲಿ, ಈಗಲೇ ನಿಲ್ಲಿಸ್ತೀನಿ. ಫೋನ್ ಕೊಡಿ ಆಕೆಗೆ.”

ಹರಿಪ್ರಿಯಾ ಫೋನನ್ನು ಅಂಗೈಯಲ್ಲಿ ಮುಚ್ಚಿ ಪುಷ್ಪಾಳ ಪಕ್ಕ ಮಂಡಿಯೂರಿದಳು. “ಮಗ್ಗ ತುಳೀತಿದ್ದೆ ಅನ್ನು, ಸಾಕು. ನೀನು ಅಂದ್ರೆ ಮಿಕ್ಕ ಹುಡುಗೀರೂ ಅಂತಾರೆ.”

“ಅಂದ್ರೆ ಏನಾಗ್ತೈತೆ?”

“ನನ್ನ ಪ್ರಬಂಧ ಬಿದ್ದೋಗುತ್ತೆ. ಹೋಗ್ಲಿ. ಕೈಪಿಡಿ ನಂಬಿ ನಾಳೆ ನೋವಲ್ಲೇ ಓಡಿಸೋ ಹುಡುಗೀರ ಮಂಡಿ ಉಳಿಯುತ್ತೆ.”

“ನಮ್ಮವ್ವಂಗೆ ಏನಾಗ್ತೈತೆ?”

ಒಳಗೆ ದ್ಯಾಮಮ್ಮ ಲೋಟ ತೊಳೆಯುತ್ತ ದೇವರ ಹೆಸರು ಗುನುಗುತ್ತಿದ್ದಳು.

“ದಿನಾ ನನ್ನ ಕಾಲಿಗೆ ಎಣ್ಣೆ ತಿಕ್ಕುವಾಗ ಮೈದಾನಾನ ಬೈತಾಳೆ,” ಪುಷ್ಪಾ ಪಿಸುಗುಟ್ಟಿದಳು. “ಬೈದು ಬೈದು ಹಗುರಾಗಿ ಮಲಗ್ತಾಳೆ. ತಾನು ಮಗ್ಗಕ್ಕೆ ಕೂರಿಸಿದ್ದೇ ತಪ್ಪು ಅಂತ ಗೊತ್ತಾದ್ರೆ ಆಮೇಲೆ ಯಾರನ್ನ ಬೈಬೇಕು ಆಕಿ?”

“ಆಕೆಗೆ ಗೊತ್ತಾಗದಂಗೆ ನೋಡ್ಕೊಂತೀನಿ.”

“ಮೊಳಕಾಲ್ಮೂರಾಗಾ? ತಂಡದ ಹುಡುಗೀರಿಗೆಲ್ಲ ಅವ್ವದೀರು ಇಲ್ವಾ ಮೇಡಂ?”

ಅಂಗೈಯೊಳಗಿಂದ ಶಿವರಾಮನ ದನಿ ಹಲೋ, ಹಲೋ ಎನ್ನುತ್ತಿತ್ತು. ಟೀ ಉಕ್ಕುವ ಸದ್ದು. ಹರಿಪ್ರಿಯಾ ಫೋನನ್ನು ಪುಷ್ಪಾಳ ಕಿವಿಯ ತನಕ ಒಯ್ದಳು. “ಯಾರದೋ ಮಕ್ಕಳ ಕಾಲು, ಪುಷ್ಪಾ. ನಿನ್ನ ಕಾಲು ಹಿಡೀತೀನಿ.”

ಪುಷ್ಪಾ ತನ್ನ ಚಾಚಿದ ಕಾಲನ್ನು ಸೆರಗಿನಿಂದ ಮುಚ್ಚಿದಳು. ಅಡುಗೆಮನೆಯ ಬಾಗಿಲಲ್ಲಿ ಲೋಟಗಳು ಕಿಣಿಗುಟ್ಟಿದವು.

“ಹೇಳಲ್ಲ ಮೇಡಂ,” ಅಂದಳು.